ಸೋತರೂ ಹೆಮ್ಮೆ, ಡ್ರಾ ಆದರೂ ಸಂಕಟ: ಭಾರತ ಫುಟ್‌ಬಾಲ್ ತಂಡದಿಂದ ಅಭಿಮಾನಿಗಳು ಬಯಸುವುದೇನು?

2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಭಾರತ ತಂಡ ಕತಾರ್ ವಿರುದ್ಧ ಗೋಲಿಲ್ಲದ ಡ್ರಾ ಸಾಧಿಸಿತು. ಕತಾರ್ ಅದೇ ವರ್ಷದ ಆರಂಭದಲ್ಲಿ ಏಷ್ಯಾ ಕಪ್ ಗೆದ್ದಿದ್ದ ತಂಡ. ನಾಯಕ ಸುನಿಲ್ ಛೆಟ್ರಿ ಅನಾರೋಗ್ಯದಿಂದ ಅಂದು ಕಣಕ್ಕಿಳಿದಿರಲಿಲ್ಲ. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಒಂದರ ಹಿಂದೊಂದು ಹೊಡೆತ ತಡೆದರು. ಪಂದ್ಯ ಮುಗಿದಾಗ ನಮ್ಮವರು ಕಪ್ಪೇ ಗೆದ್ದಂತೆ ಸಂಭ್ರಮಿಸಿದರು. ಐದು ವಾರ ಕಳೆದು ಅಕ್ಟೋಬರ್ 15ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬಾಂಗ್ಲಾದೇಶದ ಎದುರು ಆಟ. ಸುಮಾರು ಅರವತ್ತು ಸಾವಿರ ಜನ ಸೇರಿದ್ದರು. ಕೊನೆಯ ಗಳಿಗೆಯಲ್ಲಿ, 88ನೇ ನಿಮಿಷಕ್ಕೆ, ಆದಿಲ್ ಖಾನ್ ಹೆಡ್ ಮಾಡಿದ ಗೋಲಿನಿಂದ ಭಾರತ 1-1ರಲ್ಲಿ ಪಾರಾಯಿತು. ಜನ ತಲೆ ತಗ್ಗಿಸಿಕೊಂಡು ಮನೆಗೆ ಹೋದರು.

ಅಂಕಪಟ್ಟಿಯ ಲೆಕ್ಕದಲ್ಲಿ ಈ ಎರಡು ಪಂದ್ಯಗಳಿಗೆ ವ್ಯತ್ಯಾಸವೇ ಇಲ್ಲ. ಎರಡೂ ಒಂದೇ ವಿಶ್ವಕಪ್ ಅರ್ಹತಾ ಸುತ್ತಿನವು, ಎರಡರಲ್ಲೂ ಸಿಕ್ಕಿದ್ದು ಒಂದೊಂದೇ ಅಂಕ. ಕತಾರ್ ಎದುರು ಭಾರತ ಒಂದು ಗೋಲನ್ನೂ ಹೊಡೆದಿರಲಿಲ್ಲ, ಬಾಂಗ್ಲಾ ಎದುರು ಒಂದನ್ನಾದರೂ ಹೊಡೆದಿತ್ತು. ಆದರೂ ಮೊದಲನೆಯದನ್ನು ಅಭಿಮಾನಿಗಳು ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತಾರೆ, ಎರಡನೆಯದನ್ನು ಮರೆಯಲು ಬಯಸುತ್ತಾರೆ. ತಂಡ ಚೆನ್ನಾಗಿ ಆಡಿದರೆ ಅಭಿಮಾನಿಗೆ ಖುಷಿ, ಕೆಟ್ಟದಾಗಿ ಆಡಿದರೆ ಬೇಸರ ಎಂಬ ಸರಳ ವಿವರಣೆ ಇಲ್ಲೇ ಸೋಲುತ್ತದೆ.

ಗ್ರಾಹಕರ ತೃಪ್ತಿಯ ಬಗ್ಗೆ ಅಧ್ಯಯನ ಮಾಡಿದ ರಿಚರ್ಡ್ ಆಲಿವರ್ 1980ರಲ್ಲೇ ಮಂಡಿಸಿದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಸಿಕ್ಕಿದ್ದು ಎಷ್ಟು ಎನ್ನುವುದಕ್ಕಿಂತ, ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ನಡುವಿನ ಅಂತರ ಎಷ್ಟು ಎಂಬುದರ ಮೇಲೆ ತೃಪ್ತಿ ನಿಂತಿದೆ ಎಂದು ಅವರು ತೋರಿಸಿದರು. ಫುಟ್‌ಬಾಲ್‌ನಲ್ಲಿ ಇದಕ್ಕೆ ಬೇರೆಲ್ಲೂ ಸಾಕ್ಷಿ ಹುಡುಕಬೇಕಿಲ್ಲ, ಫಿಫಾ ರ‍್ಯಾಂಕಿಂಗ್‌ನ ಸೂತ್ರವನ್ನೇ ನೋಡಬಹುದು. 2018ರಿಂದ ಜಾರಿಯಲ್ಲಿರುವ ಲೆಕ್ಕದಲ್ಲಿ ಪಂದ್ಯದ ಫಲಿತಾಂಶದಿಂದ ‘ನಿರೀಕ್ಷಿತ ಫಲಿತಾಂಶ’ವನ್ನು ಕಳೆಯುತ್ತಾರೆ. ತನಗಿಂತ 300 ಪಾಯಿಂಟ್ ಮೇಲಿರುವ ತಂಡವನ್ನು ಎದುರಿಸುವಾಗ ನಿರೀಕ್ಷಿತ ಫಲಿತಾಂಶ ಸುಮಾರು 0.24. ಡ್ರಾ ಮಾಡಿಕೊಂಡರೆ ಸಿಗುವುದು 0.5. ಉಳಿಯುವ 0.26ನ್ನು ಅರ್ಹತಾ ಪಂದ್ಯದ ತೂಕವಾದ 25ರಿಂದ ಗುಣಿಸಿದರೆ ಆ ತಂಡದ ಖಾತೆಗೆ ಆರೂವರೆ ಪಾಯಿಂಟ್ ಸೇರುತ್ತದೆ. ಅದೇ ಡ್ರಾದಿಂದ ಬಲಾಢ್ಯ ತಂಡ ಅಷ್ಟೇ ಪಾಯಿಂಟ್ ಕಳೆದುಕೊಳ್ಳುತ್ತದೆ. ದೋಹಾ ಮತ್ತು ಕೋಲ್ಕತ್ತದ ನಡುವಿನ ವ್ಯತ್ಯಾಸ ಈ ಒಂದು ಕಳೆಯುವ ಲೆಕ್ಕದೊಳಗೇ ಇದೆ.

ಸೂತ್ರಕ್ಕೂ ಮನುಷ್ಯನಿಗೂ ಒಂದು ದೊಡ್ಡ ಭೇದವೂ ಇದೆ. ಸೂತ್ರದಲ್ಲಿ ಗಳಿಸುವುದೂ ಕಳೆದುಕೊಳ್ಳುವುದೂ ಸಮ. ಮನಸ್ಸಿನಲ್ಲಿ ಹಾಗಿಲ್ಲ. ಅಲೆಕ್ಸ್ ಎಡ್ಮನ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಶ್ವಕಪ್‌ನ ನಾಕೌಟ್ ಹಂತದಲ್ಲಿ ಸೋತು ಹೊರಬಿದ್ದ ದೇಶದ ಷೇರುಪೇಟೆಯ ಪ್ರತಿಫಲ ಮರುದಿನ ಸಾಮಾನ್ಯಕ್ಕಿಂತ ಸುಮಾರು ಅರ್ಧ ಶೇಕಡಾ ಕಡಿಮೆಯಿರುತ್ತದೆ. ಗೆದ್ದ ದೇಶದ ಪೇಟೆ ಅದಕ್ಕೆ ಸರಿಸಮನಾಗಿ ಏರುವುದಿಲ್ಲ. ಅಮೆರಿಕನ್ ಫುಟ್‌ಬಾಲ್ ಕುರಿತು ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ 2011ರಲ್ಲಿ ಬರೆದದ್ದು ಇನ್ನೂ ಕಠೋರ. ಗೆದ್ದೇ ಗೆಲ್ಲುತ್ತದೆ ಎಂದುಕೊಂಡಿದ್ದ ತವರು ತಂಡ ಸೋತ ದಿನ, ಮನೆಯೊಳಗೆ ಗಂಡಸರು ಹೆಂಗಸರ ಮೇಲೆ ಕೈಮಾಡಿದ ಪ್ರಕರಣಗಳು ಶೇ 10ರಷ್ಟು ಹೆಚ್ಚಿದ್ದವು. ತಂಡ ಅನಿರೀಕ್ಷಿತವಾಗಿ ಗೆದ್ದ ದಿನ ಅವು ಇಳಿಯಲಿಲ್ಲ. ಅಭಿಮಾನಿಗಳ ಅತೃಪ್ತಿಯನ್ನು ಬರೀ ಮನರಂಜನೆಯ ವಿಷಯವೆಂದು ತಳ್ಳಿಹಾಕುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಹಾಗಾದರೆ ಮುಖ್ಯ ಪ್ರಶ್ನೆ ಇದು: ಭಾರತದ ಅಭಿಮಾನಿಯ ನಿರೀಕ್ಷೆಯನ್ನು ಕಟ್ಟುತ್ತಿರುವವರು ಯಾರು, ಯಾವುದರಿಂದ ಕಟ್ಟುತ್ತಿದ್ದಾರೆ?

2023ರ ಬೇಸಿಗೆ ಮತ್ತು ಮಳೆಗಾಲವನ್ನು ನೆನಪಿಸಿಕೊಳ್ಳೋಣ. ಮಾರ್ಚ್‌ನಲ್ಲಿ ಇಂಫಾಲದ ತ್ರಿಕೋನ ಸರಣಿ, ಜೂನ್‌ನಲ್ಲಿ ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್, ಆಮೇಲೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್. ಜೂನ್ 21ರಂದು ಮಳೆಯಲ್ಲಿ ಪಾಕಿಸ್ತಾನದ ವಿರುದ್ಧ 4-0, ಛೆಟ್ರಿ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಲೆಬನಾನ್ ಎದುರು ಪೆನಾಲ್ಟಿ ಶೂಟೌಟ್. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಎದುರು ಮತ್ತೆ ಶೂಟೌಟ್. ನವೋರೆಮ್ ಮಹೇಶ್ ಸಿಂಗ್ ಒದ್ದ ಚೆಂಡು ಬಲೆ ಸೇರಿತು, ಕುವೈತ್‌ನ ಮುಂದಿನ ಹೊಡೆತವನ್ನು ಗುರುಪ್ರೀತ್ ತಡೆದರು, 5-4. ಇಡೀ ಕ್ರೀಡಾಂಗಣ ಒಂದೇ ದನಿಯಲ್ಲಿ ವಂದೇ ಮಾತರಂ ಹಾಡಿದ ದೃಶ್ಯ ದೇಶದ ತುಂಬ ಹರಿದಾಡಿತು. ಆ ತಿಂಗಳು ಭಾರತ ರ‍್ಯಾಂಕಿಂಗ್‌ನಲ್ಲಿ 99ಕ್ಕೆ ಏರಿತು.

ಬೆಂಗಳೂರಿಗೆ ಆ ರಾತ್ರಿ ಸುಮ್ಮನೆ ಬಂದದ್ದಲ್ಲ. ಕಂಠೀರವ 2015ರಲ್ಲಿ ಇರಾನ್ ಎದುರು 0-3 ಸೋಲನ್ನು ನೋಡಿತ್ತು. 2017ರ ಜೂನ್‌ನಲ್ಲಿ ಕಿರ್ಗಿಸ್ತಾನದ ವಿರುದ್ಧ ಛೆಟ್ರಿಯ ಏಕೈಕ ಗೋಲನ್ನೂ, ಅದೇ ಅಕ್ಟೋಬರ್‌ನಲ್ಲಿ ಮಕಾವ್ ಅನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದದ್ದನ್ನೂ ನೋಡಿತ್ತು. ಬೆಂಗಳೂರು ಎಫ್‌ಸಿ ಕ್ಲಬ್‌ನ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ವರ್ಷಗಟ್ಟಲೆ ಅಲ್ಲಿ ಹಾಡಿ ಹಾಡಿ ಗ್ಯಾಲರಿಗೆ ದನಿ ಕೊಟ್ಟಿತ್ತು. ಜನ, ನೆಲ, ನಾಯಕ ಎಲ್ಲವೂ ನಮ್ಮದೆನಿಸಿದ ಆ ಗೆಲುವು ಪೂರ್ತಿ ನಿಜವಾದ ಸಂತೋಷ.

ಸಂತೋಷ ನಿಜ, ಅದರಿಂದ ಹುಟ್ಟಿಸಿದ ನಿರೀಕ್ಷೆ ಮಾತ್ರ ಪೊಳ್ಳಾಗಿತ್ತು. ಮೂರು ಟ್ರೋಫಿಗಳೂ ತವರಿನಲ್ಲಿ ಬಂದವು. ಹೊರಗೆ ಹೋದಾಗ ಏನಾಯಿತು? ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡ್‌ನ ಕಿಂಗ್ಸ್ ಕಪ್‌ನಲ್ಲಿ ಇರಾಕ್ ಎದುರು 2-2ರ ನಂತರ ಶೂಟೌಟ್‌ನಲ್ಲಿ ಸೋಲು, ಲೆಬನಾನ್ ಎದುರು 0-1. ಅಕ್ಟೋಬರ್‌ನಲ್ಲಿ ಮಲೇಷ್ಯಾದಲ್ಲಿ 2-4. ನವೆಂಬರ್‌ನಲ್ಲಿ ಕುವೈತ್‌ಗೇ ಹೋಗಿ 1-0ರಿಂದ ಗೆದ್ದದ್ದು ಆ ವರ್ಷದ ಅತ್ಯಂತ ಬೆಲೆಬಾಳುವ ಫಲಿತಾಂಶ ಎಂದು ನನ್ನ ಎಣಿಕೆ. ಆದರೆ ಐದು ದಿನಗಳಲ್ಲಿ ಭುವನೇಶ್ವರದಲ್ಲಿ ಕತಾರ್ 3-0ಯಿಂದ ಸೋಲಿಸಿತು. ಸಂಭ್ರಮದ ಚಿತ್ರಗಳು ಮನೆಮನೆಗೆ ಹೋದವು, ಈ ಸೋಲುಗಳು ಕ್ರೀಡಾಪುಟದ ಮೂಲೆಯಲ್ಲೇ ಉಳಿದವು.

2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ ಎದುರು 0-2, ಉಜ್ಬೇಕಿಸ್ತಾನ ಎದುರು 0-3, ಸಿರಿಯಾ ಎದುರು 0-1. ಒಂದು ಅಂಕವಿಲ್ಲ, ಒಂದು ಗೋಲಿಲ್ಲ. ಮೂರೂ ತಂಡಗಳು ರ‍್ಯಾಂಕಿಂಗ್‌ನಲ್ಲಿ ಭಾರತಕ್ಕಿಂತ ಮೇಲಿದ್ದವು. ಕಾಗದದ ಮೇಲೆ ಈ ಫಲಿತಾಂಶ ಅಸಹಜವೇನಲ್ಲ. ಕಂಠೀರವದ ರಾತ್ರಿಯನ್ನು ಅಳತೆಗೋಲಾಗಿ ಹಿಡಿದವರಿಗೆ ಅದು ದ್ರೋಹದಂತೆ ಕಂಡಿತು. ರ‍್ಯಾಂಕಿಂಗ್ 117ಕ್ಕೆ ಇಳಿಯಿತು.

ಇದರ ಪಕ್ಕದಲ್ಲಿ 2017ರ 17 ವರ್ಷದೊಳಗಿನವರ ವಿಶ್ವಕಪ್ ಇಟ್ಟು ನೋಡಿ. ದೆಹಲಿಯಲ್ಲಿ ಆಡಿದ ಭಾರತದ ಹುಡುಗರು ಅಮೆರಿಕ ಎದುರು 0-3, ಕೊಲಂಬಿಯಾ ಎದುರು 1-2, ಘಾನಾ ಎದುರು 0-4ರಿಂದ ಸೋತರು. ಅಲ್ಲಿಯೂ ಮೂರಕ್ಕೆ ಮೂರೂ ಸೋಲು, ಬಿಟ್ಟುಕೊಟ್ಟ ಗೋಲುಗಳು ಇನ್ನೂ ಹೆಚ್ಚು. ಆದರೂ ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ಹೆಡ್ ಮಾಡಿದ ಆ ಗೋಲು, ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು, ಇವತ್ತಿಗೂ ರೋಮಾಂಚನ ಹುಟ್ಟಿಸುತ್ತದೆ. ಆ ಟೂರ್ನಿಯನ್ನು 13 ಲಕ್ಷಕ್ಕೂ ಹೆಚ್ಚು ಜನ ಕ್ರೀಡಾಂಗಣಕ್ಕೆ ಬಂದು ನೋಡಿದರು. ಹುಡುಗರು ಗೆಲ್ಲುತ್ತಾರೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಆದ್ದರಿಂದ ಕೊಲಂಬಿಯಾವನ್ನು 1-1ರಲ್ಲಿ ನಿಲ್ಲಿಸಿದ ಆ ಒಂದು ನಿಮಿಷವೇ ಉಡುಗೊರೆಯಾಯಿತು.

ವಿಶ್ವಕಪ್‌ಗಳಲ್ಲೂ ಹೀಗೇ. ನಾಲ್ಕನೇ ಸ್ಥಾನ ಪಡೆದ ಬ್ರೆಜಿಲ್‌ಗೆ 2014 ರಾಷ್ಟ್ರೀಯ ಶೋಕ, ನಾಲ್ಕನೇ ಸ್ಥಾನವೇ ಪಡೆದ ಮೊರಾಕೊಗೆ 2022 ಹಬ್ಬ.

ಸೋಲಿನ ಹೊಣೆ ಯಾರ ಮೇಲೆ ಬೀಳುತ್ತದೆ ಎನ್ನುವುದೂ ತೃಪ್ತಿಯನ್ನು ತಿರುಗಿಸಬಲ್ಲದು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಛೆಟ್ರಿಯ 150ನೇ ಪಂದ್ಯ. ಅವರೇ ಪೆನಾಲ್ಟಿಯಿಂದ ಮುನ್ನಡೆ ಕೊಟ್ಟರೂ ಅಫ್ಗಾನಿಸ್ತಾನ 2-1ರಿಂದ ಗೆದ್ದಿತು. ಕೋಚ್ ಇಗೊರ್ ಸ್ಟಿಮಾಚ್ ಹೋಗಬೇಕೆಂಬ ಕೂಗು ಜೋರಾಯಿತು. ಜೂನ್ 11ರಂದು ದೋಹಾದಲ್ಲಿ ಕತಾರ್ ಕೂಡ 2-1ರಿಂದಲೇ ಗೆದ್ದಿತು. ಆದರೆ ಅಲ್ಲಿ ಲಾಲಿಯನ್‌ಝುವಾಲಾ ಛಾಂಗ್ಟೆ ಗಳಿಸಿದ್ದ ಮುನ್ನಡೆಯನ್ನು ಅಳಿಸಿದ್ದು, ಗೆರೆ ದಾಟಿ ಹೊರಹೋಗಿದ್ದ ಚೆಂಡನ್ನು ಒಳಗೆಳೆದು ಹೊಡೆದ ಗೋಲು. ರೆಫರಿ ಅದನ್ನು ಮಾನ್ಯ ಮಾಡಿದರು. ಆ ಸೋಲಿನಿಂದ ವಿಶ್ವಕಪ್ ಅರ್ಹತೆಯ ದಾರಿಯೇ ಮುಚ್ಚಿತು, ಆದರೂ ಅಂದು ಆಟಗಾರರ ಮೇಲೆ ಸಿಟ್ಟಾದವರು ಕಡಿಮೆ. ಸಿಟ್ಟೆಲ್ಲ ರೆಫರಿಯ ಕಡೆ ಹೋಯಿತು, ತಂಡದ ಮೇಲೆ ಮರುಕ ಉಳಿಯಿತು. ದೊಡ್ಡ ನಷ್ಟ ತಂದ ಸೋಲು ಚಿಕ್ಕ ಗಾಯ ಮಾಡಿತು. ಆರು ದಿನಗಳಲ್ಲಿ ಸ್ಟಿಮಾಚ್ ಅವರನ್ನು ಫೆಡರೇಷನ್ ವಜಾ ಮಾಡಿತು.

ತಂಡ ಗೆದ್ದರೆ ಜನ ತಾವಾಗಿಯೇ ಬರುತ್ತಾರೆ ಎಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. 2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಮಣಿಸಿತು, ಛೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದಿದ್ದವರು 2,569 ಜನ. ಮರುದಿನ ಛೆಟ್ರಿ ವಿಡಿಯೊ ಮಾಡಿ, ಬನ್ನಿ, ಬೈಯುವುದಾದರೂ ಕ್ರೀಡಾಂಗಣಕ್ಕೇ ಬಂದು ಬೈಯಿರಿ ಎಂಬರ್ಥದಲ್ಲಿ ಕೇಳಿಕೊಂಡರು. ಜೂನ್ 4ರ ಕೆನ್ಯಾ ಪಂದ್ಯ ಅವರ ನೂರನೆಯದು. ಟಿಕೆಟ್‌ಗಳೆಲ್ಲ ಮಾರಾಟವಾದವು, ಮಳೆಯಲ್ಲಿ ತೊಯ್ದುಕೊಂಡೇ ಜನ 3-0 ಗೆಲುವು ನೋಡಿದರು. ಮೂರು ದಿನಗಳಲ್ಲಿ ತಂಡದ ಆಟ ಬದಲಾಗಿರಲಿಲ್ಲ. ಬದಲಾದದ್ದು ಒಂದೇ: ಯಾರೋ ಒಬ್ಬರು ಅಭಿಮಾನಿಯನ್ನು ಆ ತಂಡದ ಪಾಲುದಾರನೆಂದು ಕರೆದು ಮಾತಾಡಿಸಿದ್ದರು. ಯುರೋಪಿನ ದೇಶಗಳ ಬಗ್ಗೆ ಯೊರ್ಗೊಸ್ ಕವೆಟ್ಸೊಸ್ ಮತ್ತು ಸ್ಟೀಫನ್ ಸಿಮಾನ್‌ಸ್ಕಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. ದೊಡ್ಡ ಫುಟ್‌ಬಾಲ್ ಟೂರ್ನಿಯ ಆತಿಥ್ಯ ವಹಿಸಿದ ದೇಶದ ಜನರ ಸಂತೋಷ ಏರಿದ್ದಕ್ಕೆ ಸ್ಪಷ್ಟ ಪುರಾವೆ ಸಿಕ್ಕಿತು, ತಂಡ ನಿರೀಕ್ಷೆ ಮೀರಿ ಆಡಿದ್ದರಿಂದ ಏರಿದ್ದಕ್ಕೆ ಅಂಥ ಗಟ್ಟಿ ಪುರಾವೆ ಸಿಗಲಿಲ್ಲ.

ಹಳೆಯ ಅಭಿಮಾನಿಗಳ ಅಳತೆಗೋಲು ಬೇರೆಯದೇ. ಬೆಂಗಳೂರಿನ ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಓಣಿಗಳಲ್ಲಿ ಫುಟ್‌ಬಾಲ್ ಎಂದರೆ ಮನೆತನದ ಮಾತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಅಹಮದ್ ಖಾನ್, ಕೆಂಪಯ್ಯ ಈ ಊರಿನವರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ ಕೇಳಿ ಬೆಳೆದವರಿಗೆ ಸ್ಯಾಫ್ ಕಪ್ ದೊಡ್ಡದೆನಿಸದಿದ್ದರೆ ಆಶ್ಚರ್ಯವಿಲ್ಲ. ಪೆಲೆಯ ಪ್ರತಿಮೆ ಇರುವ ಗೌತಮಪುರದ ಹುಡುಗ ಬ್ರೆಜಿಲ್‌ನ ಹಳದಿ ಅಂಗಿ ತೊಟ್ಟು ವಿಶ್ವಕಪ್ ನೋಡುತ್ತಾನೆ, ಮರುವಾರ ನೀಲಿ ಅಂಗಿ ತೊಟ್ಟು ಕಂಠೀರವಕ್ಕೆ ಬರುತ್ತಾನೆ. ಎರಡು ತಂಡಗಳಿಂದ ಅವನು ಬಯಸುವುದು ಎರಡು ಬೇರೆ ಸಂತೋಷಗಳನ್ನು. ಬ್ರೆಜಿಲ್ ಸೋತರೆ ಬೇಸರವಾಗುತ್ತದೆ, ಭಾರತ ಸೋತರೆ ಅವಮಾನವಾಗುತ್ತದೆ.

ಇದಕ್ಕೆಲ್ಲ ಮೇಲೆ ಒಂದು ಮಾತು ಚಹಾ ಅಂಗಡಿಯಿಂದ ಸಂಸತ್ತಿನವರೆಗೂ ಕೇಳುತ್ತದೆ: ‘140 ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಗುವುದಿಲ್ಲವೇ?’ ಸುಮಾರು ಒಂದೂವರೆ ಲಕ್ಷ ಜನರ ಕೆರಿಬಿಯನ್ ದ್ವೀಪ ಕುರಾಸಾವೊ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದ ಮೇಲಂತೂ ಈ ಮಾತಿಗೆ ಮೊನಚು ಬಂದಿದೆ. ಇದರ ಹಿಂದಿನ ನೋವು ನನಗೂ ಇದೆ. ಆದರೂ ಇದು ತಪ್ಪು ಅಳತೆ. ಮೈದಾನಕ್ಕಿಳಿಯುವುದು ಜನಸಂಖ್ಯೆಯಲ್ಲ. ಹತ್ತು ವರ್ಷದ ಮಗು ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತದೆ, ಅದಕ್ಕೆ ಕಲಿಸುವ ಕೋಚ್ ಎಷ್ಟು ಕಲಿತಿದ್ದಾರೆ, ಲೀಗ್ ವರ್ಷದಲ್ಲಿ ಎಷ್ಟು ತಿಂಗಳು ನಡೆಯುತ್ತದೆ, ಇವು ಮೈದಾನದಲ್ಲಿ ಕಾಣಿಸುತ್ತವೆ. ಉಜ್ಬೇಕಿಸ್ತಾನವನ್ನು ನೋಡಿ. 2014ರ ವಿಶ್ವಕಪ್‌ಗೆ ಹೋಗುವ ದಾರಿಯಲ್ಲಿ ಜೋರ್ಡನ್ ಎದುರು ಶೂಟೌಟ್‌ನಲ್ಲಿ ಸೋತು ಕಣ್ಣೀರಿಟ್ಟ ದೇಶ ಅದು. ಕಿರಿಯರ ತಂಡಗಳ ಮೇಲೆ ದುಡಿಯಿತು. 2023ರಲ್ಲಿ 20 ವರ್ಷದೊಳಗಿನವರ ಏಷ್ಯಾ ಕಪ್, 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್, 2025ರಲ್ಲಿ 17 ವರ್ಷದೊಳಗಿನವರ ಏಷ್ಯಾ ಕಪ್, ಅದೇ ವರ್ಷ ವಿಶ್ವಕಪ್ ಅರ್ಹತೆ. ಅಲ್ಲಿನ ಅಭಿಮಾನಿಗೆ ಸೋಲುವಾಗಲೂ ಮೆಟ್ಟಿಲು ಕಾಣುತ್ತಿತ್ತು.

ನಮ್ಮ ಅಭಿಮಾನಿಗೆ ಏನು ಕಾಣುತ್ತಿದೆ? ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2023ರ ಜನವರಿಯಲ್ಲಿ ‘ವಿಷನ್ 2047’ ಪ್ರಕಟಿಸಿತು. 2047ಕ್ಕೆ ಏಷ್ಯಾದ ಮೊದಲ ನಾಲ್ಕರಲ್ಲಿ ಒಂದಾಗುವ ಗುರಿ ಅದರಲ್ಲಿದೆ. ಅಷ್ಟು ದೂರದ ಗುರಿಯಿಂದ ಇಂದಿನ ಪಂದ್ಯವನ್ನು ಅಳೆಯಲು ಯಾರಿಗೂ ಆಗುವುದಿಲ್ಲ. 2024ರ ಜುಲೈಯಲ್ಲಿ ನೇಮಕಗೊಂಡ ಮನೊಲೊ ಮಾರ್ಕೆಜ್ ಎಫ್‌ಸಿ ಗೋವಾದ ಕೋಚ್ ಹುದ್ದೆಯನ್ನೂ ಇಟ್ಟುಕೊಂಡೇ ರಾಷ್ಟ್ರೀಯ ತಂಡ ನೋಡಿಕೊಂಡರು. ಅವರ ಎಂಟು ಪಂದ್ಯಗಳಲ್ಲಿ ಸಿಕ್ಕಿದ್ದು ಒಂದೇ ಗೆಲುವು, ಮಾಲ್ಡೀವ್ಸ್ ಎದುರು. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ಆಟಗಾರರಿಗೆ ಲೀಗ್ ಯಾವಾಗ ಎಂಬುದೇ ತಿಳಿಯದಾಯಿತು. ಅದೇ ತಿಂಗಳು ಭಾರತದ ರ‍್ಯಾಂಕಿಂಗ್ 133. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಕೋಚ್ ಆಗಿ ಬಂದು, ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನವನ್ನು ಅವರ ನೆಲದಲ್ಲೇ ಸೋಲಿಸಿ, ಒಮನ್ ಎದುರು ಶೂಟೌಟ್‌ನಲ್ಲಿ ಗೆದ್ದು ಮೂರನೇ ಸ್ಥಾನ ಪಡೆದಾಗ ಒಂದಿಷ್ಟು ಉಸಿರು ಬಂತು. ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರ 2-1ರಿಂದ ಗೆದ್ದು ಏಷ್ಯಾ ಕಪ್ ಬಾಗಿಲು ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ 1-0ಯಿಂದ ಗೆದ್ದಿತು. 2003ರ ನಂತರ ಅವರೆದುರು ನಮಗೆ ಇದೇ ಮೊದಲ ಸೋಲು.

ನನ್ನನ್ನು ನಿಜವಾಗಿ ಚಿಂತೆಗೀಡುಮಾಡಿದ್ದು ಢಾಕಾದ ಸೋಲಿಗಿಂತ ಅದಕ್ಕೆ ಬಂದ ಪ್ರತಿಕ್ರಿಯೆ. 2019ರಲ್ಲಿ ಬಾಂಗ್ಲಾ ಎದುರಿನ ಡ್ರಾಗೇ ಜನ ಸಂಕಟಪಟ್ಟಿದ್ದರು. ಈ ಬಾರಿ ಸೋತಾಗ ಬಹಳ ಜನ ‘ಇನ್ನೇನು ಆಗುತ್ತಿತ್ತು’ ಎಂದು ಮುಂದಕ್ಕೆ ಹೋದರು. ನಿರೀಕ್ಷೆ ಸೊನ್ನೆಗೆ ಇಳಿದಾಗ ಅಂತರವೂ ಸೊನ್ನೆ, ನಿರಾಶೆಯೂ ಸೊನ್ನೆ. ತೃಪ್ತಿಯ ಸಮೀಕ್ಷೆ ಮಾಡಿದರೆ ಅಂಥವರಿಂದ ದೂರು ಬರುವುದಿಲ್ಲ, ಅವರು ಉತ್ತರಿಸಲೂ ಬರುವುದಿಲ್ಲ. ರಾಬರ್ಟ್ ಚಾಲ್ಡಿನಿ 1976ರಲ್ಲಿ ಅಮೆರಿಕದ ವಿದ್ಯಾರ್ಥಿಗಳಲ್ಲಿ ಕಂಡದ್ದು ಇದರ ಇನ್ನೊಂದು ಮುಖ: ತಂಡ ಗೆದ್ದ ವಾರ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ತೊಡುವವರು ಹೆಚ್ಚುತ್ತಿದ್ದರು. ಹಾಗೆ ಬಂದವರು ಸೋತಾಗ ದೂರ ಸರಿಯುವುದು ಸಹಜ. ಉಳಿಯುವವರು ರಾಷ್ಟ್ರೀಯ ತಂಡದ ಅಭಿಮಾನಿ ಬಳಗವಾದ ಬ್ಲೂ ಪಿಲ್‌ಗ್ರಿಮ್ಸ್‌ನಂಥ ಗಟ್ಟಿ ಅಭಿಮಾನಿಗಳು. ಆ ಗಟ್ಟಿ ವರ್ಗವೂ ಮೌನವಾಗತೊಡಗಿದರೆ ಫೆಡರೇಷನ್‌ಗೆ ಕೇಳಿಸುವ ಕೊನೆಯ ಎಚ್ಚರಿಕೆಯೂ ನಿಂತುಹೋಗುತ್ತದೆ. ಬೈಯುವ ಅಭಿಮಾನಿಯನ್ನು ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಈ ಆಟಕ್ಕಿಲ್ಲ.

ಇಷ್ಟರ ನಡುವೆ, ನಿರೀಕ್ಷೆಗೂ ಫಲಿತಾಂಶಕ್ಕೂ ನಡುವಿನ ಅತಿದೊಡ್ಡ ಅಂತರವನ್ನು ದಾಟಿ ಬಂದ ತಂಡವೊಂದು ನಮ್ಮಲ್ಲೇ ಇದೆ. ಭಾರತದ ಮಹಿಳಾ ತಂಡ 2022ರಲ್ಲಿ ತವರಿನಲ್ಲೇ ನಡೆದ ಏಷ್ಯಾ ಕಪ್‌ನಿಂದ ಕೋವಿಡ್ ಕಾರಣಕ್ಕೆ ಆಟಗಾರ್ತಿಯರ ಸಂಖ್ಯೆ ಸಾಲದೆ ಹೊರಬಿದ್ದಿತ್ತು. 2025ರ ಅರ್ಹತಾ ಸುತ್ತಿಗೆ ಮುನ್ನ ಬೆಂಗಳೂರಿನಲ್ಲಿ ಶಿಬಿರ ನಡೆಸಿ, ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ಗೆ ಹೋಯಿತು. ಮಂಗೋಲಿಯಾ ಎದುರು 13-0, ಟಿಮೋರ್ ಲೆಸ್ತೆ ಎದುರು 4-0, ಇರಾಕ್ ಎದುರು 5-0. ಜುಲೈ 5ರಂದು ಎದುರಾದದ್ದು ಆತಿಥೇಯ ಥಾಯ್ಲೆಂಡ್, 2015 ಮತ್ತು 2019ರ ವಿಶ್ವಕಪ್‌ಗಳಲ್ಲಿ ಆಡಿದ್ದ ತಂಡ. ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದರು. 2-1ರಿಂದ ಗೆದ್ದ ಭಾರತ, ಅರ್ಹತಾ ಸುತ್ತು ಆಡಿ ಮೊದಲ ಬಾರಿಗೆ ಮಹಿಳಾ ಏಷ್ಯಾ ಕಪ್‌ಗೆ ಹೋಯಿತು.

ದೋಹಾದ 0-0ಗಿಂತ ಇದು ಎಷ್ಟೋ ಪಟ್ಟು ದೊಡ್ಡ ಸಾಧನೆ. ಪುರುಷರ ತಂಡ ಏಷ್ಯಾದ ಪ್ರಬಲ ದೇಶವೊಂದನ್ನು ಅವರದೇ ನೆಲದಲ್ಲಿ ಹೀಗೆ ಸೋಲಿಸಿ ಅರ್ಹತೆ ಪಡೆದಿದ್ದರೆ ವಾರಗಟ್ಟಲೆ ಸುದ್ದಿಯಾಗುತ್ತಿತ್ತು. ಇವರ ಗೆಲುವು ಒಂದೆರಡು ದಿನದ ಶೀರ್ಷಿಕೆಯಾಗಿ ಮುಗಿಯಿತು. ಮೊದಲಿನಿಂದ ಪಂದ್ಯಗಳನ್ನು ನೋಡುತ್ತಾ ಬಂದವರು ಇಲ್ಲದೆ ನಿರೀಕ್ಷೆ ಹುಟ್ಟುವುದಿಲ್ಲ, ನಿರೀಕ್ಷೆಯೇ ಇಲ್ಲದ ಕಡೆ ಅದನ್ನು ಮೀರಿದ ಆಟಕ್ಕೂ ಸಿಗಬೇಕಾದ ಸಂಭ್ರಮ ಸಿಗುವುದಿಲ್ಲ. ಶಿಬಿರ ನಡೆಯುವುದೇ ಬೆಂಗಳೂರಿನಲ್ಲಿ ಎಂದಾದರೆ, ಈ ತಂಡದ ಸೌಹಾರ್ದ ಪಂದ್ಯಗಳನ್ನು ತಿಂಗಳ ಮೊದಲೇ ದಿನಾಂಕ ಪ್ರಕಟಿಸಿ, ಸಂಜೆಯ ದೀಪದಲ್ಲಿ, ಕಂಠೀರವದಲ್ಲೇ ಆಡಿಸಲು ಅಡ್ಡಿಯೇನು? ಫೆಡರೇಷನ್ ಆ ಒಂದು ವೇಳಾಪಟ್ಟಿ ಹೊರಡಿಸಲಿ. ಹಾಡಲು ಬರುವ ಜನ ಈ ಊರಿನಲ್ಲಿ ಇದ್ದಾರೆ.